ಕಾಂಚಳಿಯ ಕಸೆ

“ನೀನೇನ್ ಉಟ್ಕೊಂಡ್ ಬರ್ತೀಯೇ ರುಕ್ಮೀ?” ಎಂದು ನಾಗಲಕ್ಷ್ಮಿ ಕೇಳಿದಾಗ ರುಕ್ಮಿಬಾಯಿಯ ಬಾಯಿ ತುಂಬ ಚಿತ್ರಾನ್ನವಿತ್ತು. ಅದೂ ಒಂದು ಅನುಕೂಲವೇ ಆಯಿತು. ನುಂಗುವಷ್ಟು ಹೊತ್ತು ಯೋಚನೆ ಮಾಡಬಹುದಲ್ಲ.

ಯಲಹಂಕದ ಬಸ್ ಡಿಪೋದ ಹಿಂಬದಿಯಲ್ಲಿ, ಹಳೆಯ ಟೈರುಗಳನ್ನು ಪೇರಿಸಿಟ್ಟ ಶೆಡ್ಡಿನ ಪಕ್ಕದ ಹೊಂಗೆ ಮರದ ಕೆಳಗೆ ಮೂವರು ಕಂಡಕ್ಟರಮ್ಮಂದಿರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಬೆಳಗ್ಗೆ ಡ್ಯೂಟಿ ಹಂಚುವಾಗ ಮ್ಯಾನೇಜರ್ ಸಾಹೇಬರು ಒಂದು ಮಾತು ಹೇಳಿದ್ದರು. ರಾಜ್ಯೋತ್ಸವಕ್ಕೆ ಬಸ್ಸುಗಳಿಗೆ ಬಾಳೆಕಂದು, ಬಾವುಟ ಕಟ್ಟಿದರೆ ಸಾಲದು; ಈ ಸಲ ಹೆಣ್ಣುಮಕ್ಕಳು ಅವತ್ತೊಂದು ದಿನ ಖಾಕಿ ಬಿಟ್ಟು ತಂತಮ್ಮ ಕಡೆಯ, ತಂತಮ್ಮ ಮನೆಯ ಉಡುಪಿನಲ್ಲಿ ಡ್ಯೂಟಿಗೆ ಬರಲಿ. ಅಷ್ಟು ಸಾಕಾಯಿತು. ಡಿಪೋದ ಡೀಸೆಲ್ ವಾಸನೆಯ ನಡುವೆ ಮದುವೆ ಮನೆಯ ಗದ್ದಲ ಎದ್ದಿತು.

ಬಾಗಲೂರಿನ ನಾಗಲಕ್ಷ್ಮಿ ಅಜ್ಜಿಯ ಕಾಲದ ಮೊಳಕಾಲ್ಮುರು ಸೀರೆಯೇ ಸರಿ ಎಂದು ಆಗಲೇ ತೀರ್ಮಾನಿಸಿದ್ದಳು. ಆರ್.ಟಿ. ನಗರದ ರುಖ್ಸಾರ್ ತನ್ನ ನಿಕಾಹ್ ದಿನದ, ನೆಲ ಮುಟ್ಟುವ ಶರಾರಾ ಹಾಕುತ್ತೇನೆ ಎಂದಳು. “ಒಳ್ಳೇದಾಯ್ತು ಬಿಡು, ಅವತ್ತು ನಿನ್ ಬಸ್ ಗುಡಿಸೋಕೆ ಬೇರೆ ಜನ ಬೇಡ,” ಎಂದು ನಾಗಲಕ್ಷ್ಮಿ ಅವಳ ಕಾಲೆಳೆದಳು.

“ನಿನ್ ಬಸ್ಸೂ ಗುಡಿಸಿ ಕೊಡ್ತೀನಿ, ಒಂದ್ ಕಾಫಿ ಕೊಡ್ಸು,” ಎಂದ ರುಖ್ಸಾರ್ ರುಕ್ಮಿಯ ಕಡೆ ತಿರುಗಿದಳು. “ಅರೆ, ಇವಳ್ನ ಕೇಳ್ಬೇಕಾ? ನಮ್ಮೆಲ್ಲಾರ್ ಬಟ್ಟೆ ಒಂದ್ ಕಡೆ, ಇವಳ್ದು ಒಂದ್ ಕಡೆ. ಲಂಬಾಣಿ ಡ್ರೆಸ್ ಹಾಕ್ಕೊಂಡ್ ನಿಂತ್ರೆ ಡಿಪೋಗೆ ಲೈಟೇ ಬೇಡ. ಇದೆ ಅಲ್ವಾ ನಿನ್ ಹತ್ರ?”

“ಇದೆ,” ಎಂದಳು ರುಕ್ಮಿ.

ಇತ್ತು. ಕಬ್ಬಿಣದ ಟ್ರಂಕಿನಲ್ಲಿ, ಒಣಗಿದ ಬೇವಿನ ಸೊಪ್ಪಿನ ನಡುವೆ ಮಡಿಸಿಟ್ಟ ಕೆಂಪು ಫೇಟಿಯಾ ಇತ್ತು. ಸುತ್ತಿದಷ್ಟೂ ಮುಗಿಯದ ನೆರಿಗೆಯ ಲಂಗ ಅದು. ತಲೆಯ ಮೇಲಿಂದ ಬೆನ್ನಿನುದ್ದಕ್ಕೂ ಇಳಿಬಿಡುವ ಛಾಂಟಿಯಾ ಇತ್ತು. ಎಲ್ಲಕ್ಕಿಂತ ಮೇಲೆ, ಎದೆ ತುಂಬ ಕನ್ನಡಿ ಚೂರು ಕೂರಿಸಿ, ಅಂಚಿಗೆ ಕವಡೆ ಪೋಣಿಸಿದ ಕಾಂಚಳಿ ಎಂಬ ಕುಪ್ಪಸವಿತ್ತು. ಮೂರನ್ನೂ ರುಕ್ಮಿಯ ತಾಯಿ ಸೀತಿಬಾಯಿ ಮಗಳಿಗೆಂದು ತನ್ನ ಕೈಯಾರೆ ಹೊಲಿದಿದ್ದಳು. ಸೀತಿಬಾಯಿ ಈಗಿಲ್ಲ.

ಆದರೆ ಇದ್ದರೇನು? ರುಕ್ಮಿಯ ಗಂಡ ಥಾವರ್ಯಾ ಕೊರೋನಾದ ಎರಡನೆಯ ಅಲೆಯಲ್ಲಿ ತೀರಿಕೊಂಡ. ಅವರ ತಾಂಡಾದ ರೂಢಿ ಬೆಂಗಳೂರಿಗೆ ಬಂದರೂ ಬಿಟ್ಟಿರಲಿಲ್ಲ. ಗಂಡ ಸತ್ತವಳು ಕೆನ್ನೆಯ ಎರಡೂ ಬದಿಗೆ ಇಳಿಬೀಳುವ ಬೆಳ್ಳಿಯ ಘುಗರಿ ಬಿಚ್ಚಬೇಕು, ತೋಳಿನುದ್ದದ ಬಲಿಯಾ ಬಳೆ ಕಳಚಬೇಕು, ಕನ್ನಡಿಯ ಕಾಂಚಳಿಯನ್ನು ಮತ್ತೆ ಮೈಗೆ ತಾಗಿಸಬಾರದು. ಅತ್ತೆ ಗೋಮ್ಲಿಬಾಯಿ ಟ್ರಂಕಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಸೊಂಟದ ದಾರಕ್ಕೆ ಕಟ್ಟಿಕೊಂಡದ್ದು ಆವತ್ತೇ.

“ಅತ್ತೆ ಏನಂತಾರೋ ಅಂತಾನಾ?” ನಾಗಲಕ್ಷ್ಮಿ ದನಿ ತಗ್ಗಿಸಿದಳು. ಇಷ್ಟು ವರ್ಷ ಜೊತೆಯಲ್ಲಿ ಉಂಡವಳಿಗೆ ಅಷ್ಟು ತಿಳಿಯದೇ ಇರುತ್ತದೆಯೇ? “ಅವ್ರಿಗ್ ಯಾಕ್ ಹೇಳ್ತೀಯ? ಬ್ಯಾಗಲ್ಲಿ ಹಾಕ್ಕೊಂಡ್ ಬಾ. ಇಲ್ಲೇ ರೆಸ್ಟ್ ರೂಮಲ್ಲಿ ಹಾಕ್ಕೊ, ನಾನೇ ಕಟ್ಟಿಕೊಡ್ತೀನಿ.”

ರುಕ್ಮಿ ನಕ್ಕಳು. ನಾಗಲಕ್ಷ್ಮಿ ತಿಳಿಯದೆಯೇ ಸರಿಯಾದ ಜಾಗಕ್ಕೆ ಕೈ ಹಾಕಿದ್ದಳು. ಕಾಂಚಳಿಗೆ ಬೆನ್ನೇ ಇಲ್ಲ. ಕತ್ತಿನ ಹಿಂದೆ ಒಂದು, ನಡುವಿನ ಹಿಂದೆ ಒಂದು, ಎರಡೇ ಎರಡು ಜೊತೆ ಕಸೆಗಳ ಮೇಲೆ ಅದು ನಿಲ್ಲಬೇಕು. ಕನ್ನಡಿ, ಕವಡೆಗಳ ಭಾರ ಮುಂದಕ್ಕೆ ಜಗ್ಗುವುದರಿಂದ ತಾನೇ ಕೈ ಹಿಂದೆ ಮಾಡಿ ಕಟ್ಟಿಕೊಂಡ ಗಂಟು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಹಿಂದೆ ನಿಂತು, ಜಗ್ಗಿ ಹಿಡಿದು ಕಟ್ಟಲು ಇನ್ನೊಬ್ಬ ಹೆಂಗಸು ಬೇಕೇ ಬೇಕು. ತಾಂಡಾದಲ್ಲಿ ಇದು ಯಾರಿಗೂ ತೊಂದರೆ ಎನಿಸಿದ್ದೇ ಇಲ್ಲ. ಬೆಳಗಾದರೆ ಅತ್ತೆಯ ಬೆನ್ನಿಗೆ ಸೊಸೆ, ಸೊಸೆಯ ಬೆನ್ನಿಗೆ ಅತ್ತೆ.

“ಕಟ್ಟೋಕೆ ಕೈ ಎಷ್ಟೋ ಸಿಗ್ತವೆ ಕಣೇ,” ಎಂದಳು ರುಕ್ಮಿ, ಡಬ್ಬಿಯ ಮುಚ್ಚಳ ಒತ್ತುತ್ತ. “ಆದ್ರೆ ನಮ್ಮತ್ತೆ ಮನೇಲಿ ಕೂತಿರ್ಬೇಕಾದ್ರೆ ಕದ್ದು ಹಾಕ್ಕೊಳೋದಾದ್ರೆ, ಅದು ನಮ್ಮಮ್ಮನ ಬಟ್ಟೆ ಆಗಲ್ಲ. ಬಾಡಿಗೆ ಬಟ್ಟೆ ಆಗುತ್ತೆ.”

ಖಾಕಿಯ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಅದು ಅನ್ನ ಕೊಟ್ಟಿದೆ, ತುಮಕೂರಿನ ಹಾಸ್ಟೆಲಿನಲ್ಲಿ ಮಗ ಚನ್ನುವನ್ನು ಓದಿಸುತ್ತಿದೆ. ಆದರೆ “ಯಾವ್ ಕಡೆಯೋರು ಮೇಡಂ?” ಎಂದು ಪ್ರಯಾಣಿಕರು ಕೇಳಿದರೆ “ವಿಜಯಪುರದ ಕಡೆ” ಎನ್ನುತ್ತಾಳೆ, ಮಾತು ಅಲ್ಲಿಗೆ ಮುಗಿಯುತ್ತದೆ. ಖಾಕಿಯೊಳಗೆ ಅವಳು ಯಾರ ಮಗಳು ಬೇಕಾದರೂ ಆಗಬಹುದಿತ್ತು. ಒಂದೇ ಒಂದು ದಿನ, ತನ್ನದೇ ಬಸ್ಸಿನಲ್ಲಿ, ಸೀತಿಬಾಯಿಯ ಮಗಳಾಗಿ ನಿಲ್ಲಬೇಕು ಎಂಬ ಆಸೆ ಆ ಚಿತ್ರಾನ್ನದ ತುತ್ತಿನ ಜೊತೆ ಒಳಗೆ ಇಳಿದದ್ದು ಮತ್ತೆ ಹೊರಗೆ ಬರಲಿಲ್ಲ.

ಅವರ ಮನೆ ಪುಟ್ಟೇನಹಳ್ಳಿ ಕೆರೆಯ ಹಿಂದಿನ ಗಲ್ಲಿಯಲ್ಲಿ, ಮನೆಯೊಡತಿ ಮುನಿಕೆಂಪಮ್ಮನವರ ಹಿತ್ತಲಿಗೆ ಅಂಟಿಕೊಂಡ ಎರಡು ಕೋಣೆಗಳದು. ಸಂಜೆ ರುಕ್ಮಿ ಬಂದಾಗ ಗೋಮ್ಲಿಬಾಯಿ ಹೊಸ್ತಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಕಪ್ಪಿಗೆ ತಿರುಗಿದ ಬಣ್ಣಗೆಟ್ಟ ಲಂಗ, ಉದ್ದ ತೋಳಿನ ಕುಪ್ಪಸ, ತಲೆಯ ಮೇಲೊಂದು ತೆಳು ಬಟ್ಟೆ. ತನ್ನ ಗಂಡ ಹೋದಾಗ ಇಳಿಸಿದ ಬಣ್ಣವನ್ನು ಅವಳು ಮತ್ತೆ ತೊಟ್ಟವಳಲ್ಲ. ಮಾತಿನಲ್ಲೂ ಹಾಗೆಯೇ, ಇದ್ದಷ್ಟರಲ್ಲೇ ಮುಗಿಸುವ ಹೆಂಗಸು. ಯಾಡಿ ಎಂದರೆ ತಾಯಿ; ರುಕ್ಮಿ ಅತ್ತೆಯನ್ನೂ ಹಾಗೆಯೇ ಕರೆಯುತ್ತಿದ್ದಳು. ಮನೆಯೊಳಗೆ ಇಬ್ಬರೂ ಆಡುವುದು ತಾಂಡಾದ ಮಾತು ಮತ್ತು ವಿಜಯಪುರದ ಕನ್ನಡ ಎರಡನ್ನೂ ಕಲಸಿದ ಒಂದು ಭಾಷೆ.

“ಯಾಡಿ, ರಾಜ್ಯೋತ್ಸವಕ್ಕ ಡಿಪೋದಾಗ ಎಲ್ಲಾರೂ ತಮ್ ತಮ್ ಮನಿ ಅರಿವಿ ಹಾಕ್ಕೊಂಡ್ ಬರ್ರಿ ಅಂದಾರ,” ಎಂದು ರುಕ್ಮಿ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಸೊಪ್ಪು ಎಳೆದುಕೊಂಡಳು.

“ಹೂಂ.”

“ನಾಗಲಕ್ಷ್ಮಿ ಅವರಜ್ಜಿ ಸೀರಿ ಉಡ್ತಾಳಂತ.”

“ಹೂಂ.”

“ನನ್ನ ಹಂತ್ಯಾಕ… ಸೀತಿಯಾಡಿ ಹೊಲದದ್ದು ಐತಲ್ಲ…”

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಗೋಮ್ಲಿಬಾಯಿ ಸೊಸೆಯ ಮುಖ ನೋಡಲಿಲ್ಲ. “ಘುಗರಿ?” ಎಂದು ಕೇಳಿದಳು.

“ಘುಗರಿ ಬ್ಯಾಡ ಯಾಡಿ. ಬಲಿಯಾನೂ ಬ್ಯಾಡ. ಬರೇ ಫೇಟಿಯಾ, ಕಾಂಚಳಿ. ಒಂದ ದಿನ.”

ಮುದುಕಿ ಬಿಡಿಸಿದ ಸೊಪ್ಪನ್ನು ಮೊರದಲ್ಲಿ ಗುಡ್ಡೆ ಮಾಡಿದಳು, ಬೇರುಗಳನ್ನು ಇನ್ನೊಂದು ಗುಡ್ಡೆ ಮಾಡಿದಳು, ಎರಡನ್ನೂ ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಮೆಂತ್ಯದ ಪಲ್ಯ, ಬಿಸಿ ರೊಟ್ಟಿ ಎಲ್ಲವೂ ಇತ್ತು, ಮಾತು ಮಾತ್ರ ಇರಲಿಲ್ಲ. ಬೈದಿದ್ದರಾದರೂ ತಿರುಗಿ ಒಂದು ಮಾತು ಆಡಬಹುದಿತ್ತು. ಸುಮ್ಮನಿರುವವರ ಜೊತೆ ಜಗಳವಾಡುವುದು ಹೇಗೆ?

ಮಾರನೆಯ ದಿನದಿಂದ ಬಸ್ಸು ಹೆಬ್ಬಾಳದ ಫ್ಲೈಓವರ್ ಹತ್ತುವಾಗಲೆಲ್ಲ ರುಕ್ಮಿಗೆ ಟಿಕೆಟ್ ಮೆಷೀನಿನ ಮೇಲೆ ಗಮನ ನಿಲ್ಲದಾಯಿತು. ಈ ಫ್ಲೈಓವರ್ ಕಟ್ಟುವಾಗ ಸೀತಿಬಾಯಿಯೂ ಗೋಮ್ಲಿಬಾಯಿಯೂ ಇಲ್ಲಿ ಜಲ್ಲಿ ಹೊತ್ತವರು. ಆಗ ಅವರು ಬೀಗಿತ್ತಿಯರಲ್ಲ, ಒಂದೇ ಶೆಡ್ಡಿನಲ್ಲಿ ಒಲೆ ಹಂಚಿಕೊಂಡ ಗೆಳತಿಯರು ಅಷ್ಟೇ. ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಉಳಿದವರೆಲ್ಲ ಅರ್ಧ ಎದ್ದ ಕಂಬಗಳ ನೆರಳಲ್ಲಿ ಕಾಲು ಚಾಚಿದರೆ, ಸೀತಿಬಾಯಿ ಗಂಟಿನಿಂದ ಕಾಂಚಳಿ ತೆಗೆಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವ ಕೆಲಸ ಆಗಿನ್ನೂ ಹುಡುಗಿಯಾಗಿದ್ದ ರುಕ್ಮಿಯದು.

ಒಮ್ಮೆ ಕನ್ನಡಿ ಕಡಿಮೆ ಬಿತ್ತು. ಊರಿಗೆ ಹೋಗುವವರು ಯಾರೂ ಇರಲಿಲ್ಲ, ಎಡಗಂಕುಳ ಕೆಳಗೆ ಕನ್ನಡಿ ಕೂರಿಸುವ ಒಂದು ಮನೆ ಖಾಲಿ ಉಳಿಯಿತು. ಗೋಮ್ಲಿಬಾಯಿ ರಸ್ತೆಯ ಬದಿಯಲ್ಲಿ ಯಾವುದೋ ಸ್ಕೂಟರಿನ ಒಡೆದ ಕನ್ನಡಿ ಹುಡುಕಿ ತಂದು, ಒದ್ದೆ ಕಲ್ಲಿನ ಮೇಲೆ ಅಂಚು ಉಜ್ಜಿ ಉಜ್ಜಿ ದುಂಡಗೆ ಮಾಡಿ ಗೆಳತಿಯ ಕೈಗಿಟ್ಟಳು. ಉಳಿದ ಕನ್ನಡಿಗಳಿಗಿಂತ ಅದು ದಪ್ಪ. ಮದುವೆಯ ದಿನ ಅದು ಪಕ್ಕೆಗೆ ಒತ್ತುತ್ತದೆ ಎಂದು ರುಕ್ಮಿ ಗೊಣಗಿದಾಗ ಇಬ್ಬರು ತಾಯಂದಿರೂ ಒಬ್ಬರನ್ನೊಬ್ಬರು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಆ ನಗು ನೆನಪಾದರೆ ರುಕ್ಮಿಗೆ ಈಗಲೂ ಎದೆ ತುಂಬುತ್ತಿತ್ತು. ಎಷ್ಟು ದೊಡ್ಡ ಊರು, ಎಷ್ಟು ಬಿಸಿಲು, ಅದರಲ್ಲಿ ಅವರು ಅವಳಿಗಾಗಿ ಎಷ್ಟು ಚಿಕ್ಕ ಚಿಕ್ಕ ಹೊಲಿಗೆ ಹಾಕಿದ್ದರು.

“ಮೇಡಂ, ಎಲ್ಲಿಗ್ ಹೋಗ್ಬಿಟ್ರಿ? ವಿಷಲ್ ಹೊಡೀರಿ,” ಎಂದು ಡ್ರೈವರ್ ವಿಜಯಕುಮಾರ ಮುಂದಿನಿಂದ ಕೂಗುತ್ತಿದ್ದ. ಚಿಕ್ಕಜಾಲದ ವಿಜಯಕುಮಾರ ಅವಳ ಜೊತೆ ವರ್ಷಗಟ್ಟಲೆ ಬಸ್ಸು ಓಡಿಸಿದವನು. ಅವಳ ವಿಷಲ್ಲಿನ ದನಿ ಕೇಳಿಯೇ ಇವತ್ತು ಮನಸ್ಸು ಸರಿಯಿದೆಯೋ ಇಲ್ಲವೋ ಹೇಳಬಲ್ಲೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ. ಆ ವಾರವಂತೂ ಅವನ ಜಂಬ ಸುಳ್ಳಾಗಲಿಲ್ಲ.

ರಾಜ್ಯೋತ್ಸವದ ಹಿಂದಿನ ದಿನ ಬೇಗ ಡ್ಯೂಟಿ ಮುಗಿದು ರುಕ್ಮಿ ಮಧ್ಯಾಹ್ನವೇ ಮನೆಗೆ ಬಂದಳು. ಬಾಗಿಲು ಸುಮ್ಮನೆ ಮುಂದಕ್ಕೆ ಹಾಕಿತ್ತು, ಅತ್ತೆ ಇರಲಿಲ್ಲ. ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು, ಬೀಗ ಪಕ್ಕದಲ್ಲಿ ಬಿದ್ದಿತ್ತು. ಮಂಚದ ಮೇಲೆ ಕಾಂಚಳಿ ಬೋರಲಾಗಿ ಮಲಗಿತ್ತು.

ಅವಳಿಗೆ ಮೊದಲು ಸಂತೋಷವೇ ಆಯಿತು. ಕೈಗೆತ್ತಿಕೊಂಡಳು. ಆಮೇಲೆ ಕಂಡಿತು: ನಾಲ್ಕೂ ಕಸೆಗಳನ್ನು ಕತ್ತರಿಯಿಂದ ಬುಡಕ್ಕೇ ಕತ್ತರಿಸಿ ಹಾಕಿತ್ತು. ಕತ್ತರಿಸಿದ ಕಸೆಗಳು ಒಲೆಯ ಪಕ್ಕದ ಕಸದ ಡಬ್ಬಿಯಲ್ಲಿ ಇದ್ದವು.

ರುಕ್ಮಿ ಕಾಂಚಳಿ ಹಿಡಿದುಕೊಂಡೇ ಮಂಚದ ಅಂಚಿಗೆ ಕೂತಳು. ಬೇಡ ಎಂದಿದ್ದರೆ ಸಾಕಿತ್ತಲ್ಲ. ಬೇಡ ಎಂದು ಒಂದು ಮಾತು ಹೇಳಿದ್ದರೆ ಅವಳು ಬಿಟ್ಟುಬಿಡುತ್ತಿದ್ದಳು. ಮುಟ್ಟಲಿಕ್ಕೇ ಆಗದ ಹಾಗೆ, ಕಟ್ಟಲಿಕ್ಕೇ ಆಗದ ಹಾಗೆ, ಸೀತಿಬಾಯಿಯ ಹೊಲಿಗೆಯ ಮೇಲೆ ಕತ್ತರಿ ಆಡಿಸಬೇಕಿತ್ತೇ? ಅವಳು ಕಾಂಚಳಿಯನ್ನು ಇದ್ದ ಹಾಗೆಯೇ ಬೋರಲು ಮಲಗಿಸಿ, ಕಣ್ಣೊರೆಸಿಕೊಂಡು, ಗೂಟದ ಮೇಲಿದ್ದ ಇಳಕಲ್ ಸೀರೆ ತೆಗೆದು ಇಸ್ತ್ರಿ ಹಾಕಲು ಕೂತಳು. ಇಳಕಲ್ ಕೂಡ ತನ್ನ ಕಡೆಯದೇ ತಾನೇ ಎಂದು ಸಮಾಧಾನ ಮಾಡಿಕೊಂಡಳು. ಸಮಾಧಾನ ಆಗಲಿಲ್ಲ.

ಗೋಮ್ಲಿಬಾಯಿ ಸ್ವಲ್ಪ ಹೊತ್ತಿಗೆ ಬಂದಳು. ಮುನಿಕೆಂಪಮ್ಮನವರ ಮನೆಗೆ ಹೋಗಿದ್ದಳೆಂದು ಕಾಣುತ್ತದೆ, ಆ ತಾಯಿಯ ದನಿ ಹಿತ್ತಲಿನಿಂದಲೇ ಹಿಂಬಾಲಿಸಿ ಬಂತು: “ಸಣ್ಣ ಸೂಜಿ ಸಾಲ್ದೇ ಓದ್ರೆ ದಬ್ಬಣ ಐತೆ, ಈಸ್ಕೊಂಡೋಗಿ ಗೋಮ್ಲಮ್ಮಾ.” ಮುದುಕಿ ಮಂಚ ನೋಡಿದಳು, ಸೊಸೆಯ ಕೈಯಲ್ಲಿನ ಸೀರೆ ನೋಡಿದಳು. ಕಾಂಚಳಿಯನ್ನು ಮಡಿಸಿಕೊಂಡು, ಬೆಳಕಿದ್ದ ಹಿತ್ತಲಿನ ಕಟ್ಟೆಗೆ ಹೋಗಿ ಬೆನ್ನು ತಿರುಗಿಸಿ ಕೂತಳು. ರುಕ್ಮಿಗೂ ಹಟ ಬಂದಿತ್ತು. ಹಿತ್ತಲಿನ ಕಡೆ ಅವಳು ತಲೆ ಹಾಕಲಿಲ್ಲ.

ಬೆಳಗ್ಗೆ ಅವಳು ಕೆನ್ನೆಗೆ ಅರಿಸಿನವಿಲ್ಲದ ತನ್ನ ಮುಖವನ್ನು ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು ಇಳಕಲ್ ಸೀರೆಯ ಒಂದು ಸುತ್ತು ಸುತ್ತಿದ್ದಳು. ಹಿಂದಿನಿಂದ ಅತ್ತೆಯ ದನಿ ಬಂತು.

“ಬಿಚ್ಚು ಅದನ್ನ.”

ರುಕ್ಮಿ ತಿರುಗಿದಳು. ಗೋಮ್ಲಿಬಾಯಿಯ ತೋಳಿನ ಮೇಲೆ ಫೇಟಿಯಾ ಇತ್ತು, ಕೈಯಲ್ಲಿ ಕಾಂಚಳಿ ಇತ್ತು. ಕಾಂಚಳಿಯಿಂದ ನಾಲ್ಕು ಉದ್ದನೆಯ ಕಸೆಗಳು ಜೋತಾಡುತ್ತಿದ್ದವು. ಕೆಂಪು, ಹಳದಿ, ಕಪ್ಪು ಎಳೆಗಳನ್ನು ಜಡೆಯಂತೆ ಹೆಣೆದ ಗಟ್ಟಿ ಕಸೆಗಳು. ತುದಿಗಳಲ್ಲಿ ಒಂದೊಂದು ಕವಡೆ. ರುಕ್ಮಿ ಅವನ್ನು ಹಿಂದೆಂದೂ ಕಂಡಿರಲಿಲ್ಲ.

“ಹಳೇವು ನವದು ಹೋಗಿದ್ವು. ಮುಟ್ಟಿದ್ರ ಹರೀತಿದ್ವು,” ಎಂದಳು ಮುದುಕಿ. “ಬಸ್ಸಿನ್ಯಾಗ ನಾಕ್ ಮಂದಿ ಮುಂದ ಬಿಚ್ಚಿದ್ರ? ಅದಕ್ಕ ಕತ್ತರಿಸಿದೆ.”

“ಮತ್ತ ಇವು?”

ಗೋಮ್ಲಿಬಾಯಿ ಫೇಟಿಯಾದ ನೆರಿಗೆಗಳನ್ನು ಕೊಡವಿ ಬೇವಿನ ಸೊಪ್ಪು ಉದುರಿಸಿದಳು. “ನಿನ್ನ ಮಾವ ಹೋದಾಗ ನಮ್ಮತ್ತಿ ಎಲ್ಲಾ ಇಳಸಂದಳು, ಇಳಸಿದೆ. ಹೊಳಿಗೆ ಬಿಡಂದಳು, ಬಿಟ್ಟೆ. ಬಿಡೂ ಮುಂದ ಕಸಿ ಅಷ್ಟ ಕತ್ತರಿಸಿ ನಡದಾಗ ಕಟ್ಕೊಂಡಿದ್ದೆ. ನಮ್ಮವ್ವ ಹೆಣದದ್ದು. ಎಮ್ಮಿ ಕಟ್ಟಿದ್ರೂ ಹರಿಯಂಗಿಲ್ಲ.”

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವಳು ಈ ಮಾತನ್ನು ಇವತ್ತು ಆಡುತ್ತಿದ್ದಾಳೆ.

“ಯಾಡಿ, ನಿನಗ ಒಪ್ಪಿಗಿ ಇಲ್ಲಾ ಅಂದ್ರ…”

“ಸೀತಿ ಇದನ್ನ ಯಾರಿಗಂತ ಹೊಲದಳು?” ಮುದುಕಿ ಅವಳ ಮಾತನ್ನು ಕತ್ತರಿಸಿದಳು.

“ನನಗ.”

“ನನ್ನ ಮಗನಿಗಂತ ಹೊಲದಳೇನು? ಆವಾಗ ಲಗ್ನದ ಮಾತು ಎಲ್ಲಿತ್ತು? ಆಕಿ ಹೊಲಿಯೂ ಮುಂದ ನಾ ಬಾಜೂಕ ಕುಂತಿದ್ದೆ. ಘುಗರಿ ಕಟ್ಟಿದಾಕಿ ನಾ, ಬಲಿಯಾ ತೊಡಿಸಿದಾಕಿ ನಾ. ಅವು ನಮ್ಮ ಮನಿವು. ಥಾವರ್ಯಾ ಹೋದ, ನಮ್ಮ ಮನಿವು ಇಳದ್ವು. ಇದು ನಿನ್ನ ತವರಿಂದು. ಇದನ್ನ ಇಳಸಾಕ ನಾ ಯಾರು?” ಮಗನ ಹೆಸರಿನ ಹತ್ತಿರ ಅವಳ ದನಿ ಒಂದಿಷ್ಟು ತಡೆಯಿತು, ಆಮೇಲೆ ಸರಿಹೋಯಿತು. “ನಾಕ್ ದಿನದಿಂದ ಇದನ್ನ ವಿಚಾರ ಮಾಡಾಕತ್ತೀನಿ. ನಂದೂ ಅಷ್ಟ. ನಮ್ಮವ್ವ ಕೊಟ್ಟದ್ದನ್ನೂ ಸುಮ್ನ ಹೊಳಿಗೆ ಬಿಟ್ಟೆ. ಆವಾಗ ನನಗ ಹೇಳೋರು ಯಾರೂ ಇರಲಿಲ್ಲ. ಹೂಂ, ತಿರುಗು. ಹೊತ್ತಾತು.”

ರುಕ್ಮಿ ತಿರುಗಿ ನಿಂತಳು. ಕಾಂಚಳಿ ಎದೆಯ ಮೇಲೆ ತಣ್ಣಗೆ, ಭಾರವಾಗಿ ಕೂತಿತು. ಎಡಪಕ್ಕೆಗೆ ಆ ದಪ್ಪ ಸ್ಕೂಟರ್ ಕನ್ನಡಿ ಒತ್ತಿತು. ಅತ್ತೆಯ ಒರಟು ಬೆರಳುಗಳು ಕತ್ತಿನ ಹಿಂದೆ ಒಂದು ಗಂಟು ಬಿಗಿದವು, ಉಸಿರು ಎಳೆದುಕೋ ಎಂಬಂತೆ ಬೆನ್ನಿಗೊಮ್ಮೆ ತಟ್ಟಿದವು, ನಡುವಿನ ಹಿಂದೆ ಇನ್ನೊಂದು ಗಂಟು ಬಿಗಿದವು. ಮುಂಚಿನ ಅಳತೆಗೆ ಮೈ ಈಗ ಎಲ್ಲಿ ನಿಲ್ಲುತ್ತದೆ? ಆದರೆ ಕಸೆಗಳು ಉದ್ದವಿದ್ದವು.

“ದಪ್ಪ ಆಗೀಯಲ್ಲ,” ಎಂದಳು ಗೋಮ್ಲಿಬಾಯಿ.

“ನೀ ಹಾಕಿದ ರೊಟ್ಟಿ,” ಎಂದಳು ರುಕ್ಮಿ. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ತಿರುಗಿ ಅತ್ತೆಯ ಕಾಲು ಮುಟ್ಟಿದಳು. ಈ ಹೆಂಗಸಿನ ಋಣ ಯಾವ ಜನ್ಮಕ್ಕೂ ತೀರುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ತೀರುವುದೂ ಬೇಡ ಎನ್ನಿಸಿತು.

ಡಿಪೋದಲ್ಲಿ ಅವಳು ಗೇಟು ದಾಟಿ ಬಂದಾಗ ಏನಾಯಿತೆಂದು ವಿವರಿಸುತ್ತ ಕೂತರೆ ಬಸ್ಸು ಹೊರಡುವುದಿಲ್ಲ. ರುಖ್ಸಾರ್ ತನ್ನ ಶರಾರಾ ಎರಡೂ ಕೈಯಲ್ಲಿ ಎತ್ತಿ ಹಿಡಿದು ಓಡಿ ಬಂದು ಅವಳಿಗೆ ದೃಷ್ಟಿ ತೆಗೆದಳು. ನಾಗಲಕ್ಷ್ಮಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಛಾಂಟಿಯಾ ಸರಿಸಿ ಬೆನ್ನಿನ ಗಂಟನ್ನು ನೋಡಿ, “ಯಾರೇ ಕಟ್ಟಿದ್ದು?” ಎಂದು ಕೇಳಿದಳು.

“ನಮ್ಮತ್ತೆ.”

ನಾಗಲಕ್ಷ್ಮಿ ಅವಳ ಕೈ ಅದುಮಿದಳು. ಗಂಡಸರಿಗೆ ವಿಷಯ ಗೊತ್ತಿರಲಿಲ್ಲ. “ಮೇಡಂ, ಇವತ್ತು ಹಿಂದಿನ್ ಗಾಡಿಯೋರಿಗೆ ಕಣ್ಣು ಕುಕ್ಕುತ್ತೆ, ನೀವ್ ಹಿಂದಿನ್ ಡೋರಲ್ಲಿ ನಿಲ್ಬೇಡಿ,” ಎಂದ ವಿಜಯಕುಮಾರ, ಸ್ಟೀರಿಂಗಿಗೆ ಕುಂಕುಮ ಇಡುತ್ತ.

ದಿನವಿಡೀ ಮೆಜೆಸ್ಟಿಕ್ಕಿನಿಂದ ಚಿಕ್ಕಜಾಲ, ಚಿಕ್ಕಜಾಲದಿಂದ ಮೆಜೆಸ್ಟಿಕ್. ಕೆಂಪು-ಹಳದಿ ಬಾವುಟ ಕಟ್ಟಿದ ಬಸ್ಸಿನಲ್ಲಿ ಫೇಟಿಯಾದ ನೆರಿಗೆ ಸ್ವಲ್ಪ ಜಾಗ ಹೆಚ್ಚೇ ಬೇಡಿತು. ಚೀಲದ ಪಟ್ಟಿ ಕವಡೆಗೆ ಸಿಕ್ಕಿಕೊಳ್ಳುತ್ತಿತ್ತು. ಕಾಲೇಜು ಹುಡುಗಿಯರು ಫೋಟೋ ತೆಗೆಸಿಕೊಂಡರು. ಮೇಖ್ರಿ ಸರ್ಕಲ್ಲಿನಲ್ಲಿ ಹತ್ತಿದ ಒಬ್ಬ ಹಿರಿಯರು, “ಏನಮ್ಮಾ, ಡ್ಯಾನ್ಸ್ ಪ್ರೋಗ್ರಾಮಾ?” ಎಂದು ಕೇಳಿದರು.

“ಅಲ್ಲ ಸರ್. ನಮ್ಮ ತಾಯಿ ಹೊಲಿದಿದ್ದು. ನಾವು ಲಂಬಾಣಿಗರು. ಚಿಲ್ಲರೆ ಕೊಡಿ.”

ಹೇಳಿ ಮುಗಿಸಿದ ಮೇಲೆ ತಾನೇ ಬೆರಗಾದಳು. ಎಷ್ಟು ಸುಲಭವಿತ್ತು! ಹಿರಿಯರು ತಲೆಯಾಡಿಸಿ, “ಚೆನ್ನಾಗಿದೆಯಮ್ಮಾ, ತುಂಬ ಚೆನ್ನಾಗಿದೆ,” ಎಂದು ಜೇಬು ತಡಕಾಡಿದರು.

ಸಂಜೆಯ ಟ್ರಿಪ್ಪಿನ ಹೊತ್ತಿಗೆ ಮೈ ದಣಿದಿತ್ತು. ಹತ್ತಿ ಇಳಿಯುವವರ ನೂಕಾಟದಲ್ಲಿ ನಡುವಿನ ಹಿಂದಿನ ಗಂಟು ಸಡಿಲವಾಗುತ್ತಿರುವುದು ಅವಳಿಗೆ ತಿಳಿಯುತ್ತಿತ್ತು. ಕಸೆಗೇನೂ ಆಗಿರಲಿಲ್ಲ, ಗಂಟೇ ಜಾರುತ್ತಿತ್ತು. ಛಾಂಟಿಯಾವನ್ನು ಬಿಗಿಯಾಗಿ ಹೊದ್ದು, ಒಂದು ಕೈ ಬೆನ್ನಿಗೆ ಒತ್ತಿಕೊಂಡೇ ಟಿಕೆಟ್ ಹರಿದಳು.

ಹೆಬ್ಬಾಳದಲ್ಲಿ, ಫ್ಲೈಓವರಿನ ಕೆಳಗಿನ ಸ್ಟಾಪಿನಲ್ಲಿ, ಕಟ್ಟಡದ ಕೆಲಸ ಮುಗಿಸಿದ ಹೆಂಗಸರ ಗುಂಪೊಂದು ಹತ್ತಿತು. ಸಿಮೆಂಟು ಹಿಡಿದ ಕೈಕಾಲು, ಸೀರೆಯ ಮೇಲೆ ಗಂಡಸರ ಅಂಗಿ, ಕಂಕುಳಲ್ಲಿ ಊಟದ ಗಂಟು. ಗುಂಪಿನ ಮುಂದೆ ಒಬ್ಬ ಮುದುಕಿ ಇದ್ದಳು. ಅವಳದು ಪೂರ್ತಿ ತಾಂಡಾದ ಉಡುಪು. ತೋಳಿನ ತುಂಬ ಬಲಿಯಾ, ಕೆನ್ನೆಯ ಎರಡೂ ಬದಿಗೆ ಘುಗರಿ. ಯಾವಾಗಲಿನಂತೆ, ಹತ್ತಿದ ಕೂಡಲೇ ಯಾರಿಗೂ ಬಟ್ಟೆ ತಾಗದ ಹಾಗೆ ಮೈ ಹಿಡಿ ಮಾಡಿಕೊಂಡು ಅವರೆಲ್ಲ ಬಾಗಿಲ ಹತ್ತಿರವೇ ನೆಲದ ಮೇಲೆ ಕೂರಲು ಹೊರಟರು. ಆಗ ಮುದುಕಿಯ ಕಣ್ಣು ಕಂಡಕ್ಟರಮ್ಮನ ಮೇಲೆ ಬಿತ್ತು.

ಅವಳು ಕೂರಲಿಲ್ಲ. ಫೇಟಿಯಾದ ಅಂಚಿನಿಂದ ಕಾಂಚಳಿಯವರೆಗೆ, ಅಲ್ಲಿಂದ ಮುಖದವರೆಗೆ ನಿಧಾನವಾಗಿ ನೋಡಿದಳು. ನೋಟ ಕೆನ್ನೆಯ ಬದಿಯಲ್ಲಿ, ಘುಗರಿ ಇರಬೇಕಾದ ಜಾಗದಲ್ಲಿ ನಿಂತಿತು. ಅಲ್ಲಿಂದ ಬರಿದಾದ ತೋಳಿಗೆ ಇಳಿಯಿತು. ಬಸ್ಸಿನಲ್ಲಿ ಉಳಿದವರಿಗೆಲ್ಲ ಅದು ಚೆಂದದ ಬಟ್ಟೆ. ಈ ಮುದುಕಿಗೆ ಮಾತ್ರ ಅದರಲ್ಲಿ ಏನಿದೆ, ಏನಿಲ್ಲ ಎರಡೂ ಕಾಣುತ್ತಿತ್ತು. ಬೆಳಗಿನಿಂದ ಯಾರಿಗೂ ಹೆದರದ ರುಕ್ಮಿ ಈಗ ಹೆದರಿದಳು.

“ಗಂಡ ಇಲ್ಲೇನು?” ಮುದುಕಿ ಮೆತ್ತಗೆ ಕೇಳಿದಳು.

“ಇಲ್ಲ ಯಾಡಿ.”

“ಮತ್ತ ಇದನ್ನ ಕಟ್ಟಿದವರು ಯಾರು?”

“ನಮ್ಮತ್ತಿ.”

ಮುದುಕಿ ಹತ್ತಿರ ಬಂದಳು. ಹಕ್ಕಿನಿಂದ ಛಾಂಟಿಯಾ ಸರಿಸಿ ಬೆನ್ನು ನೋಡಿದಳು, ಕಸೆಯ ತುದಿಯನ್ನು ಬೆರಳಲ್ಲಿ ತಿಕ್ಕಿದಳು. “ಇದರಾಗ ಎರಡು ಕೈ ಅದಾವು,” ಎಂದಳು. “ಕಾಂಚಳಿ ಒಂದು ಕೈ. ಕಸಿ ಇನ್ನೊಂದು, ಭಾಳ ಹಳೇದು.”

“ಕಾಂಚಳಿ ನಮ್ಮ ಯಾಡಿದು. ಕಸಿ ಅತ್ತಿದು. ಅವರವ್ವ ಹೆಣದದ್ದಂತ. ತನ್ನದನ್ನ ಹೊಳಿಗೆ ಬಿಡೂ ಮುಂದ ಉಳಿಸಿಕೊಂಡಿದ್ದಳಂತ.” ಮಾತು ತಾನಾಗಿ ಬಂದುಬಿಟ್ಟಿತು. “ತವರಿಂದನ್ನ ಇಳಸಾಕ ನಾ ಯಾರು ಅಂದಳು.”

ಮುದುಕಿ ಆ ಮಾತನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡಳು. ಅವಳ ಹಿಂದೆ, ಮಾಸಿದ ನೈಲಾನ್ ಸೀರೆಯ ಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಅಂಗಿ ತೊಟ್ಟ ಒಬ್ಬ ಹುಡುಗಿ ನಿಂತಿದ್ದಳು. ಹೆಚ್ಚೆಂದರೆ ಇಪ್ಪತ್ತು, ಚನ್ನುವಿಗಿಂತ ಐದಾರು ವರ್ಷ ದೊಡ್ಡವಳಿದ್ದಾಳು. ಅವಳ ತೋಳೂ ಬರಿದು, ಕೆನ್ನೆಯೂ ಬರಿದು. ರುಕ್ಮಿಯ ಎದೆಯ ಕನ್ನಡಿಗಳಿಂದ ಅವಳು ಕಣ್ಣು ಕಿತ್ತಿರಲಿಲ್ಲ.

“ನನ್ನ ಸೊಸಿ,” ಎಂದಳು ಮುದುಕಿ. “ಆಕೀದೂ ಐತಿ. ಊರಾಗ, ಟ್ರಂಕಿನ್ಯಾಗ.”

ಮುದುಕಿ ಉತ್ತರಕ್ಕೆ ಕಾಯಲಿಲ್ಲ. ಅವಳು ಊಟದ ಗಂಟನ್ನು ಕೆಳಗಿಟ್ಟು, ರುಕ್ಮಿಯ ಭುಜ ಹಿಡಿದು ಆಚೆ ತಿರುಗಿಸಿದಳು. “ಗಂಟು ಜಾರೈತಿ. ನಿಲ್ಲು,” ಎಂದು ಸಡಿಲಾದ ಕಸೆಯನ್ನು ಬಿಚ್ಚಿ ಒಂದು ತುದಿಯನ್ನು ತಾನು ಹಿಡಿದಳು. ಆಮೇಲೆ ಹಿಂದೆ ತಿರುಗದೆಯೇ ಸೊಸೆಗೆ ಹೇಳಿದಳು, “ಬಾ ಇಲ್ಲಿ. ಆ ಕಡೆದ್ದು ನೀ ಹಿಡಿ. ಜಗ್ಗಿ ಹಿಡಿ.”

ಹುಡುಗಿ ಒಂದು ಗಳಿಗೆ ನಿಂತಲ್ಲೇ ನಿಂತಳು. ಆಮೇಲೆ ಸಿಮೆಂಟಿನ ಕೈಗಳನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡು ಮುಂದೆ ಬಂದು ಕವಡೆಯ ತುದಿಯನ್ನು ಹಿಡಿದಳು.

ವಿಜಯಕುಮಾರ ಕನ್ನಡಿಯಲ್ಲಿ ಹಿಂದೆ ನೋಡಿ, ಹಾರ್ನಿಗೆ ಹೋದ ಕೈಯನ್ನು ವಾಪಸು ಸ್ಟೀರಿಂಗಿಗೆ ಇಟ್ಟ. ರುಕ್ಮಿಯ ವಿಷಲ್ ತುಟಿಯಲ್ಲೇ ಇತ್ತು. ಬೆನ್ನ ಹಿಂದೆ ಗಂಟು ಬೀಳುವವರೆಗೂ ಅವಳು ಊದಲಿಲ್ಲ.